ಕೆಂಪು ಕಾರ್ಡು

ಶಿವಾನಿ ಮೊದಲ ದಿನವೇ ನನಗೆ ಕೆಂಪು ಕಾರ್ಡು ತೋರಿಸಿದ್ದಳು, ತಮಾಷೆಗೆ.

ಅದು ೨೦೦೩. ಪುಣೆಯಲ್ಲಿ ನಮ್ಮಿಬ್ಬರದೂ ಮಕ್ಕಳ ಹಕ್ಕುಗಳ ಮೇಲೆ ಪಿಎಚ್.ಡಿ. ಶಿವಾಜಿನಗರದ ಬಸ್ತಿಯಲ್ಲಿ, ಅಂದರೆ ಕೊಳೆಗೇರಿಯಲ್ಲಿ, ಮಕ್ಕಳನ್ನು ಮಾತಾಡಿಸಿ ಟೇಪ್ ಮಾಡಿಕೊಳ್ಳುತ್ತಿದ್ದೆವು. ಅಪ್ಪ ಅವ್ವ ಸಹಿ ಹಾಕಿದರೆ ಸಾಲದು, ಮಗುವೇ ಹೂಂ ಅನ್ನಬೇಕು. ನಡುವೆ ಬೇಡವೆನಿಸಿದರೆ ಮಗು ಕೆಂಪು ಕಾರ್ಡು ಎತ್ತುತ್ತದೆ. ಟೇಪ್ ಬಂದ್. ಯಾಕೆ ಎಂದು ಕೇಳುವಂತಿಲ್ಲ. ಈ ನಿಯಮ ಬರೆದವನು ನಾನೇ. ಅದರ ಜಂಬವೂ ಇತ್ತು.

"ಚನ್ನವೀರ ಅವರ, ಭಾಷಣ ಸಾಕ್ರಿ, ಚಹಾ ಕುಡಿಯೂಣು ಬರ್ರಿ," ಎಂದು ಅವಳು ಕಾರ್ಡು ಎತ್ತಿದಾಗ ಅದರ ಮೇಲಿಂದ ಕಣ್ಣು ಮಾತ್ರ ಕಾಣುತ್ತಿದ್ದವು. ನಗುತ್ತಿದ್ದವು. ನಾನು ಅಲ್ಲೇ ಸೋತೆ.

ಎರಡು ವರ್ಷ ಒಂದೇ ಸ್ಕೂಟರಿನಲ್ಲಿ ಓಡಾಡಿದೆವು. ಅವಳ ಓಢಣಿ ಹಾರಿ ನನ್ನ ಹೆಗಲಿಗೆ ಬಂದರೆ ಅವಳೂ ತೆಗೆಯುತ್ತಿರಲಿಲ್ಲ, ನಾನೂ ತೆಗೆಯುತ್ತಿರಲಿಲ್ಲ.

"ಏನರ ಕೇಳೂದದ ಏನ್ರಿ ನಿಮಗ?" ಎಂದಳು ಒಮ್ಮೆ.

"ನಮ್ಮ ಪ್ರಶ್ನಾವಳಿಯೊಳಗ ಹನ್ನೊಂದನೇ ಪ್ರಶ್ನೆ ಸರಿ ಇಲ್ಲ ಅನಸ್ತದ್ರಿ," ಎಂದೆ. ದಡ್ಡ ನಾನು.

ಕೊನೆಗೂ ಧೈರ್ಯ ಮಾಡಿದೆ. ಅವ್ವನನ್ನು ಕರೆದುಕೊಂಡು ಶಿವಾನಿಯ ತಂದೆ ಸಿದ್ರಾಮಪ್ಪನವರ ಮನೆಗೆ ಹೋದೆ. ಅವರು ಖುಷಿಯಿಂದ ಒಪ್ಪಿ, ಬಾಯಿಗೆ ಸಕ್ಕರೆ ಹಾಕಿ, ಮದುವೆಯ ತಾರೀಖನ್ನೂ ಗೊತ್ತುಮಾಡಿದರು. ಶಿವಾನಿ ಆಗ ಬಸ್ತಿಯಲ್ಲಿದ್ದಳು. ತಿಳಿದಾಗ ಕುಣಿಯುತ್ತಾಳೆ ಅಂದುಕೊಂಡಿದ್ದೆ.

ಮರುದಿನ ಅವಳು ಡಿಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಕಣ್ಣು ಊದಿದ್ದವು.

"ನಮ್ಮ ಅಪ್ಪಾಜಿನ್ನ ಕೇಳಿದ್ರಿ, ನಿಮ್ಮ ಅವ್ವನ್ನ ಕೇಳಿದ್ರಿ. ಬಸ್ತಿಯ ಎಂಟು ವರ್ಷದ ಹುಡುಗಿ ಇಂದೂನ್ನ ಕೇಳದ ಟೇಪ್ ಹಚ್ಚಂಗಿಲ್ಲ ನೀವು. ನನ್ನ ಯಾಕ ಕೇಳಲಿಲ್ರಿ?"

"ನೀವು ಹೂಂ ಅಂತೀರಿ ಅಂತ ಗೊತ್ತಿತ್ರಿ."

"ಹೌದ್ರಿ, ಅಂತಿದ್ದೆ. ಎರಡು ವರ್ಷ ಅದನ್ನ ಹೇಳಲಿಕ್ಕೇ ಕಾದೆ."

"ಈಗ ಕೇಳ್ತೀನಿ, ಶಿವಾನಿ. ಪ್ರೀತಿ ಇಲ್ಲೇನ್ರಿ?"

"ಭಾಳ ಅದ. ಆದ್ರ ತಾರೀಖು ಗೊತ್ತಾದ ಮ್ಯಾಲೆ ಕೇಳಿದ್ರ ಅದು ಕೇಳಿದಂಗಲ್ರಿ. ನಾಳೆ ಎಲ್ಲಾದೂ ಹಿಂಗ ನನ್ನ ಕೇಳದ ಆಗ್ತದ."

ಬ್ಯಾಗಿನಿಂದ ಕೆಂಪು ಕಾರ್ಡು ತೆಗೆದು ಎತ್ತಿದಳು. ಅದರ ಮೇಲೆ ಅದೇ ಕಣ್ಣುಗಳು.

ನನ್ನ ಎದೆ ಒಡೆದುಹೋಯಿತು. ಆದರೂ ಯಾಕೆ ಎಂದು ಕೇಳಲಿಲ್ಲ. ಬೇರೆಯದೊಂದು ಕೇಳಿದೆ.

"ಈ ಮದುವಿ ನನಗೇ ಬ್ಯಾಡ ಅಂತ ನಿಮ್ಮ ಅಪ್ಪಾಜಿಗೆ ಹೇಳಲೇನ್ರಿ? ನಿಮ್ಮ ಮ್ಯಾಲೆ ಯಾರೂ ಸಿಟ್ಟು ಮಾಡಬಾರದು."

ಅವಳು ಹೂಂ ಅಂದಳು.

ಅವಳನ್ನು ಕೇಳಿ ನಾನು ಮಾಡಿದ ಮೊದಲ ಕೆಲಸ ಅದು.