ಅಳಿಸಿದ ಸ್ಕೋರು

ಹಳೆಯ ವಿಡಿಯೋ ಗೇಮ್ ರಿಪೇರಿ ನನ್ನ ಕೆಲಸ. ಅದರಲ್ಲಿ ಒಮ್ಮೆ ಮಾಡಿದ ತಪ್ಪನ್ನು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ನಿವೃತ್ತ ಟೀಚರೊಬ್ಬರು ತೀರಿಕೊಂಡ ಮಗಳ ಗೇಮ್ ತಂದುಕೊಟ್ಟರು. ಸ್ಕೇಟ್‌ಬೋರ್ಡ್, ಸರ್ಫಿಂಗ್, ಗುಡ್ಡದ ಸೈಕಲ್ ಎಲ್ಲವೂ ಇರುವ ಆಟ. "ಅವಳ ಸ್ಕೋರು ಮಾತ್ರ ಹೋಗ್ಬಾರ್ದಪ್ಪ," ಎಂದರು. ರಿಪೇರಿ ಮುಗಿಸಿ ನಾನೂ ಒಂದು ಕೈ ಆಡಿದೆ. ಆಮೇಲೆ ನನ್ನ ಸ್ಕೋರು ಅಳಿಸಲು ಹೋಗಿ ಅವಳದನ್ನೂ ಅಳಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಅವರು ಬಂದಾಗ, "ಮೊದಲೇ ಅಳಿಸಿಹೋಗಿತ್ತಮ್ಮ," ಎಂದು ಮುಖ ನೋಡದೆ ಸುಳ್ಳು ಹೇಳಿದೆ. ಅವರು ಟಿವಿ ತೆರೆಯ ಮೇಲಿನ ಖಾಲಿ ಸ್ಕೋರು ಪಟ್ಟಿಯನ್ನು ಬೆರಳಿನಿಂದ ಸವರಿದರು.

ಆಟ ತಾನಾಗಿ ಶುರುವಾಯಿತು. ಕಂಟ್ರೋಲರ್ ಮೇಜಿನ ಮೇಲೇ ಇತ್ತು. ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಟಿವಿಯ ಸದ್ದು ಪೂರ್ತಿ ತಗ್ಗಿಸಿದ್ದೆ. ಆದರೂ ಸ್ಕೇಟ್‌ಬೋರ್ಡಿನ ಚಕ್ರದ ಸದ್ದು ನನ್ನ ಬೆನ್ನ ಹಿಂದೆ, ಅಂಗಡಿಯ ಸಿಮೆಂಟ್ ನೆಲದ ಮೇಲೆ, ಅತ್ತಿಂದಿತ್ತ ಓಡಾಡಿತು. ತೆರೆಯ ಮೇಲೆ ಹುಡುಗಿ ಜಿಗಿದಳು, ಬಿದ್ದಳು, ಮತ್ತೆ ಎದ್ದಳು.

"ಅವಳು ಹೀಗೇ," ಟೀಚರ್ ಮೆಲ್ಲಗೆ ಹೇಳಿದರು, "ಬಿದ್ರೂ ಬಿಡ್ತಿರ್ಲಿಲ್ಲ."

ಆಟ ಮುಗಿದು, ಸ್ಕೋರಿನ ಪಕ್ಕ ಹಾಕಲು ಹೆಸರು ಕೇಳಿತು. ಒಂದೊಂದೇ ಅಕ್ಷರ ಮೂಡಿತು.

"ಗುಬ್ಬಿ... ಇದ್ಯಾರಪ್ಪಾ? ನನ್ನ ಮಗಳ ಹೆಸರಲ್ವಲ್ಲ!"

"ಗೊತ್ತಿಲ್ಲಮ್ಮ," ಎಂದೆ.

ನನ್ನನ್ನು ಹಾಗೆ ಕರೆಯುತ್ತಿದ್ದವಳು ನನ್ನ ಅಮ್ಮ ಒಬ್ಬಳೇ. ಅವಳು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.