ಮಾಂತ್ರಿಕನನ್ನು ಕಟ್ಟಿಹಾಕಿದ ಪಿನ್ನು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆಯ ಎಡಭಾಗ ಬೋಳಿಸಿಬಿಡಿ. ಬಲಭಾಗ ಹೋದ ವರ್ಷದ ಕತೆಗೇ ಹೋಯಿತು.

ಬಹಳ ಬಹಳ ಹಿಂದೆ, ನಾನಿನ್ನೂ ಚೆಲುವನಾಗಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಗಗನಾವತಿ ಎಂಬ ರಾಜ್ಯವಿತ್ತು. ಅಲ್ಲಿ ನೀಲವ್ವ, ಅವಳ ಗಂಡ ಭರಮಣ್ಣ ಸುಖವಾಗಿದ್ದರು. ಒಂದು ಬೆಳಿಗ್ಗೆ ಕರಿಕಂಬಳಿ ಮಾಂತ್ರಿಕ ಹಾರಿಬಂದ. ಕೈ ಬೀಸಿ ಭರಮಣ್ಣನನ್ನು ಹುಂಜ ಮಾಡಿ ಬಗಲಲ್ಲಿ ಇರುಕಿಕೊಂಡ. "ಸಂಜೆಗೆ ಇವನದೇ ಸಾರು" ಎಂದು ತನ್ನ ಕೋಟೆಗೆ ಹಾರಿದ.

ರಾಜನ ಸೈನಿಕರು ಕತ್ತಿಗೆ ಸಾಣೆ ಹಿಡಿಯುತ್ತಾ ಕೂತರು. ನೀಲವ್ವ ಹೊರಟೇಬಿಟ್ಟಳು. ಆಯುಧ ಏನೂ ಇಲ್ಲ. ಸೊಂಟದಲ್ಲಿ ಸ್ಟೌವಿನ ಪಿನ್ನು, ತಲೆಯಲ್ಲಿ ಹೇರ್‌ಪಿನ್ನು, ಎಲ್ಲ ಹೆಂಗಸರ ಹಾಗೆ ಬಳೆಗೆ ನೇತುಹಾಕಿದ ಒಂದು ಗೊಂಚಲು ಸೇಫ್ಟಿಪಿನ್ನು. ಅಷ್ಟೇ.

ಮೊದಲ ಬಾಗಿಲಲ್ಲಿ ಬೆಂಕಿಸರ್ಪ. ಬಾಯಿ ತೆರೆದರೆ ಬೆಂಕಿಯಿಲ್ಲ, ಬರೀ ಹೊಗೆ, ಕೆಮ್ಮು.

"ಮಸಿ ಕಟ್ಟಿದೆಯಪ್ಪಾ, ಆ ಅನ್ನು" ಎಂದ ನೀಲವ್ವ, ಗಂಟಲಿಗೆ ಸ್ಟೌವಿನ ಪಿನ್ನು ಹಾಕಿ ಚುಚ್ಚಿದಳು. ನೀಲಿ ಜ್ವಾಲೆ ಭುಸ್ಸೆಂದಿತು.

"ನೂರು ವರ್ಷದ ಕಾಯಿಲೆ ಕಣವ್ವಾ" ಎಂದು ಸರ್ಪ ದಾರಿ ಬಿಟ್ಟಿತು.

ಎರಡನೇ ಬಾಗಿಲಲ್ಲಿ ರಾಕ್ಷಸಿ. ಕಣ್ಣ ಮೇಲೆ ಕೂದಲು ಬಿದ್ದು ಏನೂ ಕಾಣದೆ, ಸದ್ದಾದ ಕಡೆಗೆಲ್ಲ ಗದೆ ಬೀಸುತ್ತಿದ್ದಳು. ನೀಲವ್ವ ಹೆಗಲೇರಿ ಹೇರ್‌ಪಿನ್ನು ಸಿಕ್ಕಿಸಿದಳು. ರಾಕ್ಷಸಿ ಮೊದಲ ಸಲ ಆಕಾಶ ನೋಡಿ ಅತ್ತಳು. "ಹೋಗು ತಂಗಿ, ಬೇಗ ಹೋಗು. ಒಳಗೆ ಮಸಾಲೆ ಅರೆದಾಗಿದೆ."

ಮೂರನೆಯದು ಮಾಂತ್ರಿಕನ ಅಡುಗೆಮನೆ. ಗೂಡಿನ ತುಂಬ ಹುಂಜಗಳು. ಭರಮಣ್ಣ ಒಲೆಯ ಪಕ್ಕದಲ್ಲೇ. ಮಾಂತ್ರಿಕ ಒಂದು ಕೈಯಲ್ಲಿ ಕಂಬಳಿ ಹಿಡಿದು ಸಾರಿಗೆ ನೀರಿಡುತ್ತಿದ್ದ.

"ಕಂಬಳಿ ಜಾರ್ತಾ ಇದೆಯಲ್ಲ ಸ್ವಾಮಿ" ಎಂದಳು ನೀಲವ್ವ.

"ಹಾರುವಾಗ ಇನ್ನೂ ಜಾರುತ್ತೆ ಕಣಮ್ಮ. ಒಂದು ಕೈ ಇದಕ್ಕೇ ಬೇಕು."

"ನಿಂತ್ಕೊಳ್ಳಿ, ಪಿನ್ನು ಹಾಕಿಕೊಡ್ತೀನಿ. ಕೈ ಕೆಳಗೆ ಬಿಡಿ, ಅಲ್ಲಾಡಬೇಡಿ."

ಪಾಪ, ಮಾಂತ್ರಿಕನಿಗೆ ಸೀರೆ ಉಟ್ಟು ಗೊತ್ತಿಲ್ಲ. ನೀಲವ್ವ ಕೊರಳಿಂದ ಕಾಲಿನವರೆಗೆ ಹತ್ತೊಂಬತ್ತು ಪಿನ್ನು ಹಾಕಿದಳು.

"ಈಗ ಜಾರಲ್ಲ" ಎಂದು ಹಿಗ್ಗಿದ ಮಾಂತ್ರಿಕ. ಆಮೇಲೆ, "ನನ್ನ ಕೈ ಎಲ್ಲಿ?"

"ಒಳಗೇ ಇವೆ. ಗಂಡನ್ನ ಕೊಡು, ಇಲ್ಲಾಂದ್ರೆ ಅಲ್ಲೇ ಇರ್ತವೆ."

ಕೈ ಬೀಸದೆ ಮಾಟ ನಡೆಯದು. ಮಾಟ ಬಿಡಿಸಲು ಮಾತ್ರ ಬಾಯಿಂದ ಊದಿದರೆ ಸಾಕು. ಮಾಂತ್ರಿಕ ಅಳುತ್ತಾ ಊದಿದ. ಗೂಡಿನ ಹುಂಜಗಳೆಲ್ಲ ಮನುಷ್ಯರಾದವು. ಭರಮಣ್ಣ ಎದ್ದುನಿಂತ. "ಇಷ್ಟು ತಡ ಯಾಕೆ?" ಎಂದ. ಗಂಡಸರು ಎಷ್ಟಾದರೂ ಗಂಡಸರೇ.

ಮಾಂತ್ರಿಕ ಕೈ ಎತ್ತುವ ಮೊದಲೇ ನೀಲವ್ವ ಮಾಯಾಕಂಬಳಿ ಬಿಚ್ಚಿ ಒಲೆಗೆ ಹಾಕಿದಳು. ಮಾಟ ಅದರೊಂದಿಗೇ ಬೂದಿಯಾಯಿತು. ಮಾಂತ್ರಿಕ ಊರಲ್ಲೇ ಅಡುಗೆಭಟ್ಟನಾಗಿ ಉಳಿದ, ಸರ್ಪ ಅವನ ಒಲೆ ಹೊತ್ತಿಸಿತು. ಎಲ್ಲರೂ ಉಂಡು ತೇಗಿ ಚೆನ್ನಾಗಿದ್ದರು.

ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು, ಒಪ್ಪಿಕೊಳ್ಳುತ್ತೇನೆ. ಆ ಕಾಲದಲ್ಲಿ ಇಂಗ್ಲಿಷ್ ಇರಲಿಲ್ಲ, ನೀಲವ್ವ ಅದನ್ನು ಪಿನ್ನು ಅಂದಿರಲಾರಳು. ಬೇರೆ ಹೆಸರು ಹುಡುಕಿದೆ, ಸಿಗಲಿಲ್ಲ. ನನ್ನ ಹೆಂಡತಿಯನ್ನು ಕೇಳಿದೆ. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡು ಸೆರಗು ಸರಿಮಾಡುತ್ತಿದ್ದವಳು, ಇನ್ನೊಂದು ಕೊಡಿ ಎಂಬಂತೆ ಕೈ ಚಾಚಿದಳು.