ಒಂಬತ್ತು ಬೈಟಿನ ಉತ್ತರ

"ಕೈ ಎಲ್ಲಿ?"

ಆಲ್ಬಂ ಕೌಂಟರಿನ ಮೇಲೆ ದಪ್ಪೆಂದು ಬಿತ್ತು. ಶಿವಮೊಗ್ಗದ ಗೋಪಾಳದಲ್ಲಿರುವ ಆ ಫೋಟೋ ಲ್ಯಾಬಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು.

"ಯಾರ ಕೈ ಮೇಡಂ?" ಕಂಪ್ಯೂಟರಿನ ಮುಂದಿದ್ದ ಯುವಕ ಎದ್ದು ನಿಂತ.

"ಮದುಮಗಳ ಕೈ! ಮದುಮಗನ ಕೈ! ಧಾರೆ ಫೋಟೋ ರೀ ಇದು. ಎಲ್ಲರ ಮುಖ ಇದೆ, ನೀರು ಎರೆಯೋ ಚೊಂಬಿದೆ... ಕೈ ಇರ್ಬೇಕಾದ ಜಾಗದಲ್ಲಿ ಬರೀ ಬೂದಿ ಬಣ್ಣ! ನೀರು ಯಾರ ಮೇಲೆ ಬೀಳ್ತಿದೆ ಹೇಳಿ?"

ಅವನು ಪುಟ ನೋಡಿದ. ನಿಜ, ಚೊಂಬಿನಿಂದ ಕೆಳಗೆ ಏನೂ ಇಲ್ಲ. ಪುರೋಹಿತರು ಮಾತ್ರ ಬಹಳ ಶ್ರದ್ಧೆಯಿಂದ ಆ ಬೂದಿ ಬಣ್ಣವನ್ನೇ ನೋಡುತ್ತಿದ್ದರು. ಅವನಿಗೆ ನಗು ಬಂತು, ನುಂಗಿಕೊಂಡ. ಆದರೆ ಅವಳು ನೋಡಿಬಿಟ್ಟಳು.

"ನಗ್ತೀರಾ?! ನಾಳೆ ಇದನ್ನ ಅವರ ಮನೆಗೆ ಕೊಡ್ಬೇಕು!"

"ಇಲ್ಲ ಮೇಡಂ... ಫೈಲ್ ಅರ್ಧಕ್ಕೇ ನಿಂತಿದೆ. ಭದ್ರಾವತಿಯಿಂದ ಬರೋವಾಗ ನೆಟ್ ಕಟ್ ಆಗಿರತ್ತೆ. ಫೋಟೋ ಮೇಲಿಂದ ಕೆಳಗೆ ಬರತ್ತೆ. ಹಾಗಾಗಿ ಮುಖ ಬಂತು, ಕೈ ಬರ್ಲಿಲ್ಲ. ನೋಡದೆ ಪ್ರಿಂಟ್ ಹಾಕಿದ್ದು ನಮ್ಮ ತಪ್ಪು. ಸಾರಿ."

ಜಗಳಕ್ಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು. ಇಷ್ಟು ಬೇಗ ತಪ್ಪು ಒಪ್ಪಿಕೊಂಡರೆ ಜಗಳ ಆಡುವುದಾದರೂ ಹೇಗೆ?

ಅವಳ ಹೆಸರು ಪ್ರಿಯಂವದಾ. ಪ್ರಿಯವಾಗಿ ಮಾತನಾಡುವವಳು ಎಂದರ್ಥ. ಭದ್ರಾವತಿಯ ಜನ್ನಾಪುರದಲ್ಲಿ, ವಿಜಯಕುಮಾರ್ ಎಂಬುವವರ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುತ್ತಾಳೆ. ಅವಳ ಬಾಯಿಗೆ ಸ್ವತಃ ವಿಜಯಕುಮಾರರೇ ಹೆದರುತ್ತಾರೆ. ಇವನು ರುದ್ರೇಶ್. ಲ್ಯಾಬಿನ ಕಂಪ್ಯೂಟರ್ ಕೆಲಸವೆಲ್ಲ ಇವನದೇ. ಇವನು ಜೋರಾಗಿ ಮಾತನಾಡಿದ್ದನ್ನು ಕೇಳಿದವರು ಗೋಪಾಳದಲ್ಲಿ ಯಾರೂ ಇಲ್ಲ. ಇಬ್ಬರ ಹೆಸರೂ ಅದಲುಬದಲಾಗಿದ್ದರೆ ಸರಿಹೋಗುತ್ತಿತ್ತು.

ಅವಳು ತಂದಿದ್ದ ಪೆನ್‌ಡ್ರೈವಿನಿಂದ ಅವನು ಆ ಪುಟವನ್ನು ಮತ್ತೆ ಪ್ರಿಂಟಿಗೆ ಹಾಕಿದ. ಕಾಯುತ್ತಾ ಕುಳಿತವಳು ಗೊಣಗಿದಳು.

"ವಾಟ್ಸಾಪಲ್ಲಿ ಕಳಿಸಿದ್ರೆ ಮುಖ ಎಲ್ಲ ಮಸುಕು. ನೆಟ್ಟಲ್ಲಿ ಹಾಕಿದ್ರೆ ಅರ್ಧಕ್ಕೆ ನಿಲ್ಲತ್ತೆ, ಮತ್ತೆ ಮೊದಲಿಂದ ಶುರು! ಸಾಕಾಗಿದೆ ಮಾರಾಯ್ರೇ."

"ಇದಕ್ಕೇ ಅಂತ ಒಂದು ಪ್ರೋಗ್ರಾಂ ಕಟ್ಟಿ ಕೊಡ್ಲಾ?"

"ಕಟ್ಟೋದಾ? ಅದೇನು ಗೋಡೆನಾ?"

ಈ ಸಲ ಅವನು ನಗು ಮುಚ್ಚಿಡಲಿಲ್ಲ. "ಹೆಚ್ಚುಕಮ್ಮಿ ಹಾಗೇ. ಫೈಲ್ ಕಳಿಸೋ ಪ್ರೋಗ್ರಾಂನ ಕೋಡ್ ನೆಟ್ಟಲ್ಲಿ ಎಲ್ಲರಿಗೂ ಅಂತ ಬಿಟ್ಟಿದ್ದಾರೆ. ನಮಗೆ ಬೇಕಾದ ಹಾಗೆ ತಿದ್ದಿ ಕಟ್ಕೋಬಹುದು. ಎಡಗಡೆ ನಿಮ್ಮ ಕಂಪ್ಯೂಟರ್, ಬಲಗಡೆ ನಮ್ಮದು. ಫೋಟೋ ಹಿಡಿದು ಈ ಕಡೆಯಿಂದ ಆ ಕಡೆಗೆ ಎಳೆದ್ರೆ ಮುಗೀತು."

"ಆಗಲಿ. ಆದ್ರೆ ಕನ್ನಡದಲ್ಲೇ ಇರ್ಬೇಕು! ನಮ್ಮ ವಿಜಯಣ್ಣ ಇಂಗ್ಲಿಷಲ್ಲಿ ಏನು ಬಂದ್ರೂ ಓದದೆ ಓಕೆ ಒತ್ತಿಬಿಡ್ತಾರೆ."

"ಕನ್ನಡ ನೀವು ಬರ್ದು ಕೊಡಿ. ನಾನು ಹಾಕ್ತೀನಿ."

ಹೀಗೆ ಶುರುವಾದವು ಆ ಭಾನುವಾರಗಳು.

ರುದ್ರೇಶ್ ಲ್ಯಾಪ್‌ಟಾಪ್ ಹಿಡಿದು ಬಸ್ಸಿನಲ್ಲಿ ಜನ್ನಾಪುರಕ್ಕೆ ಬರುತ್ತಿದ್ದ. ಕಟ್ಟುವ ಕೆಲಸ ಅವನೆಂದಷ್ಟು ಸುಲಭವೇನೂ ಆಗಿರಲಿಲ್ಲ. ಪರದೆಯ ಮೇಲೆ ಸಾಲುಗಳು ಸರಸರನೆ ಓಡುತ್ತಿದ್ದವು. ಇನ್ನೇನು ಮುಗಿಯಿತು ಎನ್ನುವಾಗ ಒಂದು ಕೆಂಪು ಸಾಲು ಬಂದು ಎಲ್ಲ ನಿಂತುಬಿಡುತ್ತಿತ್ತು.

"ಏನಾಯ್ತು?"

"ಏನೋ ಒಂದು ಕಮ್ಮಿ ಇದೆಯಂತೆ."

"ಮದುವೆಮನೆ ಅಡಿಗೆಭಟ್ಟರ ಹಾಗೆ ಆಡ್ತದಲ್ರೀ ಇದು!"

ಕಮ್ಮಿ ಇದ್ದದ್ದನ್ನು ಹುಡುಕಿ ಹಾಕಿದರೆ ಇನ್ನೊಂದು ಕಮ್ಮಿ. ಅವನು ಬೇಸರಿಸಿಕೊಳ್ಳುತ್ತಿರಲಿಲ್ಲ, ಮತ್ತೆ ಮೊದಲಿಂದ ಓಡಿಸುತ್ತಿದ್ದ. ಪಕ್ಕದಲ್ಲಿ ಕುಳಿತ ಅವಳು ಪ್ರೋಗ್ರಾಂ ಆಡುವ ಇನ್ನೂರ ಹನ್ನೆರಡು ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ತರುತ್ತಿದ್ದಳು.

ಎಡಗಡೆಗೆ 'ಇಲ್ಲಿ' ಎಂದು ಬರೆದಳು, ಬಲಗಡೆಗೆ 'ಅಲ್ಲಿ'. ಏನನ್ನಾದರೂ ತೆಗೆದುಹಾಕುವ ಮುನ್ನ ಅದು ಕೇಳಬೇಕಾದ ಪ್ರಶ್ನೆಗೆ 'ತೆಗೆದುಹಾಕಲೇ? ಆಮೇಲೆ ಅಳಬಾರದು' ಎಂದು ಬರೆದಳು. ಅವನು ಒಂದಕ್ಷರ ಬದಲಿಸದೆ ಹಾಗೇ ಹಾಕಿದ. ಕೊನೆಯ ನಲವತ್ತು ಸಾಲುಗಳನ್ನು ಮಾತ್ರ, ಹಸಿವಾಗಿದೆ ಎಂದು, ಏನು ಎತ್ತ ಎಂದು ಕೇಳದೆ ಒಂದೇ ಉಸಿರಿನಲ್ಲಿ ಗೀಚಿ ಮುಗಿಸಿದ್ದಳು.

ಅವನು ಟೀ ಲೋಟವನ್ನು ಕೀಬೋರ್ಡಿನಿಂದ ದೂರ ಇಡುತ್ತಿದ್ದ ರೀತಿ, ಅವಳು ಬೈದರೆ ತಲೆ ತಗ್ಗಿಸಿ ನಗುತ್ತಿದ್ದ ರೀತಿ... ಶನಿವಾರ ಬಂದರೆ ಸಾಕು, ಅವಳಿಗೆ ಅವೇ ನೆನಪಾಗುತ್ತಿದ್ದವು. 'ಇದೇನು ನನ್ನ ಅವಸ್ಥೆ!' ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈಗುಳ ಕೆಲಸ ಮಾಡಲಿಲ್ಲ.

ಆರನೆಯ ಭಾನುವಾರ ಪ್ರೋಗ್ರಾಂ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಕುಳಿತಿತು. ಪರೀಕ್ಷೆಗೆ ಅದೇ ಧಾರೆ ಫೋಟೋ. ಅರ್ಧ ಹೋಗಿರುವಾಗ ಅವನು ಬೇಕೆಂದೇ ನೆಟ್ಟಿನ ವೈರ್ ಕಿತ್ತ. ಮತ್ತೆ ಸಿಕ್ಕಿಸಿದಾಗ ಪುಟ್ಟ ಕಿಟಕಿಯೊಂದು ಕೇಳಿತು, 'ನಿಂತಲ್ಲಿಂದ ಮುಂದುವರಿಸಲೇ?' ಅವಳು 'ಹೌದು' ಒತ್ತಿದಳು.

ಫೋಟೋ ಪೂರ್ತಿ ತಲುಪಿತು. ಕೈಗಳ ಸಮೇತ!

ಅಂದು ಸಂಜೆ ಅವಳು ಅವನ ಜೊತೆ ಬಸ್ ಸ್ಟಾಪಿನವರೆಗೆ ಹೋದಳು.

"ಪ್ರಿಯಂವದಾ ಅವರೇ... ಇನ್ಮೇಲೆ ಭಾನುವಾರ ಬರೋಕೆ ನಂಗೆ ಕಾರಣ ಇರಲ್ಲ."

"ಹಾಗಾದ್ರೆ?"

"ಕಾರಣ ಇಲ್ದೇನೂ ಬರೋ ಹಾಗೆ... ಮಾಡ್ಕೊಳ್ಳೋಣ್ವಾ? ಅಂದ್ರೆ... ಮದುವೆ."

ಅವಳು ತಟ್ಟನೆ ಬಸ್ಸು ಬರುವ ದಿಕ್ಕಿಗೆ ಮುಖ ತಿರುಗಿಸಿದಳು.

"ಈಗ್ಲೇ ಹೇಳ್ಬೇಡಿ. ಯೋಚ್ನೆ ಮಾಡಿ, ಆ ಪ್ರೋಗ್ರಾಂನಲ್ಲೇ ಕಳಿಸಿ. ಅಲ್ಲೀವರೆಗೆ ಫೋನ್ ಮಾಡಿ ಪೀಡಿಸಲ್ಲ, ಆಣೆ." ಬಸ್ಸು ಬಂತು. ಅವನು ಹತ್ತಿದ.

ಸೋಮವಾರ ಬೆಳಿಗ್ಗೆ ಅವಳು ಎರಡು ಪುಟ ಟೈಪ್ ಮಾಡಿದಳು. ಓದಿ ನಾಚಿಕೆಯಾಗಿ ಒಂದು ಪುಟ ಅಳಿಸಿದಳು. ಆಮೇಲೆ ಇನ್ನೊಂದನ್ನೂ ಅಳಿಸಿದಳು. ಕೊನೆಗೆ ಉಳಿದದ್ದು ಒಂದೇ ಮಾತು. ಫೈಲಿಗೆ 'ಉತ್ತರ' ಎಂದು ಹೆಸರಿಟ್ಟು, ಇಲ್ಲಿಂದ ಅಲ್ಲಿಗೆ ಎಳೆದಳು.

'ಎದುರಿನವರು ನಿರಾಕರಿಸಿದ್ದಾರೆ.'

ಏನು? ಮತ್ತೆ ಎಳೆದಳು.

'ಎದುರಿನವರು ನಿರಾಕರಿಸಿದ್ದಾರೆ.'

ಮೂರನೇ ಸಲವೂ ಅದೇ ಸಾಲು!

ಅವಳ ಕಣ್ಣು ಮಂಜಾಯಿತು. 'ಕೇಳಿದ್ದು ಅವನೇ... ಒಂದೇ ದಿನಕ್ಕೆ ಮನಸ್ಸು ಬದಲಾಯ್ತಾ? ಮನೆಯಲ್ಲಿ ಬೈದರಾ? ಅಥವಾ ಈ ಬಾಯಿಬಡುಕಿಯ ಜೊತೆ ಜೀವನಪೂರ್ತಿ ಹೇಗಪ್ಪಾ ಅನ್ನಿಸ್ತಾ? ನೇರವಾಗಿ ಹೇಳೋ ಧೈರ್ಯ ಇಲ್ಲದೆ ಬಾಗಿಲು ಹಾಕಿಕೊಂಡನಾ?'

ಫೈಲನ್ನು ಕಸದ ಬುಟ್ಟಿಗೆ ಹಾಕಿದಳು. ಪ್ರೋಗ್ರಾಮನ್ನೂ ಕಿತ್ತುಹಾಕಲು ಹೊರಟಳು. ಅದು ಕೇಳಿತು, 'ತೆಗೆದುಹಾಕಲೇ? ಆಮೇಲೆ ಅಳಬಾರದು.'

'ಹೌದು' ಒತ್ತಿದಳು. ಅತ್ತಳು.

ಅವನಾದರೂ ಫೋನ್ ಮಾಡಬಹುದಿತ್ತು ಎನ್ನುತ್ತೀರಾ? ಮಾಡಲ್ಲವೆಂದು ಆಣೆ ಇಟ್ಟಿದ್ದನಲ್ಲ! ಗೋಪಾಳದಲ್ಲಿ ಕುಳಿತು ಖಾಲಿ ಪರದೆ ನೋಡುತ್ತಿದ್ದ. ಒಂದು ದಿನ... ಎರಡು ದಿನ... ನಾಲ್ಕು ದಿನ. ಉತ್ತರ ಬಾರದಿರುವುದೇ ಉತ್ತರ ಎಂದುಕೊಂಡು ಊಟ ಬಿಟ್ಟ.

ಈ ಪ್ರೇಮ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಶುಕ್ರವಾರ ವಿಜಯಕುಮಾರರಿಗೆ ಬಸ್ಸಿನಲ್ಲಿ ಪೆನ್‌ಡ್ರೈವ್ ಸಾಗಿಸಿ ಸಾಕಾಯಿತು. ಅವರೇ ಲ್ಯಾಬಿಗೆ ಫೋನ್ ಮಾಡಿದರು. "ಅದೇನು ಹಾಕಿಕೊಟ್ಟಿದ್ದೆಯೋ ರುದ್ರೇಶಪ್ಪಾ, ನಮ್ಮ ಹುಡುಗಿ ಕಿತ್ತು ಬಿಸಾಕಿದ್ದಾಳೆ. ಕೇಳೋಣ ಅಂದ್ರೆ ಹೆದರಿಕೆ. ಬಂದು ನೋಡು!"

ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದಾಗ ಅವಳು ತಲೆ ಎತ್ತಲಿಲ್ಲ.

"ಯಾಕೆ ತೆಗೆದ್ರಿ?" ಅವನ ದನಿ ಇನ್ನಷ್ಟು ಮೆತ್ತಗಾಗಿತ್ತು.

"ನಿರಾಕರಿಸಿದವರ ಮನೆ ಬಾಗಿಲು ಎಷ್ಟು ಸಲ ತಟ್ಟೋದು?"

"ಯಾರು ನಿರಾಕರಿಸಿದ್ದು?"

"ನಿಮಗೇ ಗೊತ್ತು!"

ಅವನಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಕಂಪ್ಯೂಟರಿನ ಮುಂದೆ ಕುಳಿತ. ಪ್ರೋಗ್ರಾಂ ಹೋಗಿದ್ದರೂ ಅದು ಬರೆದಿಟ್ಟ ದಿನಚರಿಯಂಥ ಫೈಲ್ ಅಲ್ಲೇ ಇತ್ತು. ತೆರೆದ. ಕೊನೆಯ ಸಾಲುಗಳನ್ನು ಓದಿದವನ ಮುಖದ ಬಣ್ಣವೇ ಬದಲಾಯಿತು.

"ಸೋಮವಾರ ಹನ್ನೊಂದು ಇಪ್ಪತ್ತು... ಉತ್ತರ... ಅಯ್ಯೋ!"

"ಏನು ಅಯ್ಯೋ?"

"ಪ್ರಿಯಂವದಾ ಅವರೇ, ಆ ನೋಟ್‌ಬುಕ್ ಎಲ್ಲಿ?"

ಡ್ರಾಯರಿನಿಂದ ತೆಗೆದು ಎಸೆದಳು. ಅವನು ಕೊನೆಯ ಪುಟಗಳನ್ನು ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಅವಳ ಮುಂದೆ ಹಿಡಿದ. ನೂರ ತೊಂಬತ್ತೊಂದನೆಯ ಸಾಲು. 'ಕನೆಕ್ಷನ್ ರಿಫ್ಯೂಸ್ಡ್' ಎಂಬುದರ ಮುಂದೆ ಅವಸರದ ಅಕ್ಷರಗಳಲ್ಲಿ, 'ಎದುರಿನವರು ನಿರಾಕರಿಸಿದ್ದಾರೆ.'

ಅಕ್ಷರ ಅವಳದೇ.

"ಇದು... ನಾನೇ..."

"ಎದುರಿನವರು ಅಂದ್ರೆ ನಾನಲ್ಲ, ಆ ಕಡೆ ಫೈಲ್ ತಗೊಳ್ಳೋ ಪ್ರೋಗ್ರಾಂ. ಅದು ಮುಚ್ಚಿದ್ರೆ ಹೀಗೆ ಬರತ್ತೆ. ಸೋಮವಾರ ಅರ್ಧ ಗಂಟೆ ಮುಚ್ಚಿದ್ದೆ."

"ಸೋಮವಾರಾನೇ ಯಾಕ್ರೀ ಮುಚ್ಚಿದ್ರಿ?!"

ಅವನು ಕಿವಿಯವರೆಗೂ ಕೆಂಪಾದ. "ಗಂಟೆ ಹಾಕೋಕೆ. ನಿಮ್ಮ ಉತ್ತರ ಬಂದ ತಕ್ಷಣ ಗೊತ್ತಾಗ್ಲಿ ಅಂತ... ಫೈಲ್ ಬಂದ್ರೆ ಗಂಟೆ ಹೊಡಿಯೋ ಹಾಗೆ ಮಾಡ್ತಿದ್ದೆ."

ಪ್ರಿಯಂವದಾ ಅವನನ್ನೇ ನೋಡಿದಳು. ನಾಲ್ಕು ದಿನ ಎದೆಯ ಮೇಲೆ ಕುಳಿತಿದ್ದ ಭಾರ ಒಮ್ಮೆಗೇ ಇಳಿಯಿತು. ಅಳು ಬಂತು, ಅದರ ಹಿಂದೆಯೇ ನಗು ಬಂತು. ಯಾವುದನ್ನೂ ತಡೆಯಲಿಲ್ಲ.

"ಉತ್ತರದಲ್ಲಿ ಏನು ಬರ್ದಿದ್ರಿ?" ಅವನು ತಡೆದು ತಡೆದು ಕೇಳಿದ. "ಇದರಲ್ಲಿ ಹೆಸರು, ಅಳತೆ ಮಾತ್ರ ಇದೆ. ಒಂಬತ್ತು ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ, ಅದರ ಕೊಂಬು ಸೊನ್ನೆಗೂ ಮೂರು ಮೂರು ಬೈಟ್ ಬೇಕು, ಒತ್ತಿಗೆ ಆರು. 'ಇಲ್ಲ' ಅಂತಿದ್ರೆ ಹನ್ನೆರಡಾಗ್ಬೇಕು. ಸದ್ಯ, ಅದಲ್ಲ. 'ಹೂಂ' ಆದ್ರೆ ಒಂಬತ್ತು. ಆದ್ರೆ... 'ಬೇಡ' ಆದ್ರೂ ಒಂಬತ್ತೇ."

ಇಂಥ ಲೆಕ್ಕ ಹಾಕುವವನನ್ನು ಪ್ರೀತಿಸದೆ ಇರುವುದು ಹೇಗೆ!

"ಮೊದ್ಲು ಪ್ರೋಗ್ರಾಂ ಹಾಕಿ. ಪ್ರೋಗ್ರಾಂನಲ್ಲೇ ಕಳಿಸಿ ಅಂದಿದ್ದು ನೀವು" ಎಂದಳು.

ಹತ್ತು ನಿಮಿಷದಲ್ಲಿ 'ಇಲ್ಲಿ', 'ಅಲ್ಲಿ' ಮತ್ತೆ ತೆರೆದುಕೊಂಡವು. ಅವಳು ಕಸದ ಬುಟ್ಟಿಯಿಂದ ಫೈಲನ್ನು ಹೊರತೆಗೆದು ಎಳೆದಳು.

'ತಲುಪಿದೆ.'

ಮರುಕ್ಷಣ ಅವನ ಫೋನ್ ಬಡಿದುಕೊಂಡಿತು. ಲ್ಯಾಬಿನಲ್ಲಿ ಆಲ್ಬಂ ಬೈಂಡಿಂಗ್ ಮಾಡುವ ಸಿರಿ. ಫೋನಿನಾಚೆಗೂ ಕೇಳುವ ಅವಳ ದನಿಯ ಹಿಂದೆ ಢಣಢಣ ಸದ್ದು.

"ಅಣ್ಣಾ, ನಿಮ್ಮ ಕಂಪ್ಯೂಟರ್ ಮಂಗಳಾರತಿ ಗಂಟೆ ಹೊಡೀತಾ ಇದೆ! ಏನೋ 'ಉತ್ತರ' ಅಂತ ಬಂದಿದೆ. ಓದ್ಲಾ?"

"ಬೇಡ!" ಪ್ರಿಯಂವದಾ ಕೂಗಿದಳು.

ರುದ್ರೇಶನ ಕೈಯಿಂದ ಫೋನ್ ಜಾರುವುದರಲ್ಲಿತ್ತು. "ಬೇಡ... ಅಂತಾನಾ?"

"ಅಯ್ಯೋ ಮಾರಾಯಾ, ಅವಳು ಓದೋದು ಬೇಡ ಅಂದೆ!"

"ಹಾಗಾದ್ರೆ ಆ ಒಂಬತ್ತು...?"

ಅವಳು ತಲೆ ತಗ್ಗಿಸಿದಳು. ಬಹಳ ಮೆತ್ತಗೆ, ತನ್ನ ಹೆಸರಿಗೆ ತಕ್ಕಂತೆ ಹೇಳಿದಳು. "ಹೂಂ."

"ಹೂಂ ಅಂದ್ರೆ... ಹೇಳ್ತೀನಿ ಅಂತಾನಾ, ಇಲ್ಲಾ..."

"ಹೂಂ ಅಂದ್ರೆ ಹೂಂ!"

ಒಳಗಿನ ಕೋಣೆಯಿಂದ ವಿಜಯಕುಮಾರರ ಕೆಮ್ಮು ಕೇಳಿತು. "ಆಲ್ಬಂ ನಾವೇ ಮಾಡ್ತೀವಿ, ಬೇರೆ ಕಡೆ ಕೊಡಂಗಿಲ್ಲ!"

ಪ್ರಿಯಂವದಾ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು. ನೂರ ತೊಂಬತ್ತೊಂದನೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. 'ಆ ಕಡೆ ಬಾಗಿಲು ಇನ್ನೂ ತೆರೆದಿಲ್ಲ. ಸ್ವಲ್ಪ ಕಾಯಿರಿ.'

"ಇದನ್ನ ಹಾಕಿ. ಇನ್ಯಾರೂ ನನ್ನ ಹಾಗೆ ಅಳೋದು ಬೇಡ."

"ಇವತ್ತೇ ಹಾಕ್ತೀನಿ."

"ರುದ್ರೇಶ್..."

"ಹೇಳಿ."

"ಕೈ ಎಲ್ಲಿ?"

ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ನಗುತ್ತಾ ಕೈ ಚಾಚಿದ. ಅವಳು ಹಿಡಿದುಕೊಂಡಳು.

"ಪೂರ್ತಿ ಬಂದಿದೆಯಾ, ಸರಿಯಾಗಿ ನೋಡ್ಕೊಳ್ಳಿ" ಎಂದ.

"ಬಂದಿದೆ" ಎಂದಳು ಅವಳು. ಕೈ ಮಾತ್ರ ಬಿಡಲಿಲ್ಲ.